ಎರಡು ಸೀಟಿ

ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ನಿಂತಿತು, ನಿಂತ ಮೇಲೆಯೇ ಇಷ್ಟು ಹೊತ್ತು ಅದು ಇತ್ತೆಂದು ತಿಳಿದದ್ದು, ಮಂಗಳವಾರ, ವೇಡ್‌ನನ್ನು ಮಣ್ಣು ಮಾಡಿದ್ದು ಶನಿವಾರ, ಭಾನುವಾರ ಚರ್ಚಿನವರು ಬಂದರು, ಸೋಮವಾರ ಲೂಸಿಯಾನಾದ ನೆಂಟರೆಲ್ಲ ಹೊರಟರು, ಇವತ್ತು ಯಾರೂ ಬರುವುದಿಲ್ಲ, ಯಾರಿಗೂ ಕಾಫಿ ಕೊಡಬೇಕಾಗಿಲ್ಲ, ಇವತ್ತು ಬರಿಯ ಮಂಗಳವಾರ — ಫ್ರಿಜ್ಜಿನೊಳಗೆ ಏಳು ಮನೆಗಳ ಏಳು ಗಾಜಿನ ಪಾತ್ರೆ, ಅನ್ನ ಬೀನ್ಸು, ಸಿಗಡಿ ಸಾರು, ಮತ್ತೆ ಅನ್ನ ಬೀನ್ಸು, ಗಂಡ ಸತ್ತವಳು ಅನ್ನ ಬೀನ್ಸು ತಿನ್ನಬೇಕು ಎಂದು ಹೂಸ್ಟನ್ನಿನ ಹೆಂಗಸರೆಲ್ಲ ಸಭೆ ಸೇರಿ ತೀರ್ಮಾನಿಸಿದ ಹಾಗೆ, ಇದನ್ನು ವೇಡ್‌ಗೆ ಹೇಳಿದ್ದರೆ ನಗುತ್ತಿದ್ದ — ಮೇಜಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ, ನಿನ್ನೆ ಮಧ್ಯಾಹ್ನ ಬಿಚ್ಚಿದೆ, ಬೆಲ್ಟು, ಒಂದು ಶೂ, ಉದ್ದಕ್ಕೆ ಕತ್ತರಿ ಹಾಕಿ ಬಿಡಿಸಿದ ಪ್ಯಾಂಟು, ಎರಡು ಹೋಳಾಗಿದೆ, ಆದರೆ ತೊಡೆಯ ಮೇಲಿನ ಜೇಬಿನ ಜಿಪ್ಪು ಎಳೆದ ಹಾಗೇ ಇದೆ, ಅದನ್ನು ಯಾರೂ ತೆರೆದಿಲ್ಲ, ನಾನು ತೆರೆದೆ, ಒಳಗೆ ಹಿತ್ತಾಳೆಯ ಸೀಟಿ, ಅದರ ಸುತ್ತ ಕಿತ್ತಳೆ ಬಣ್ಣದ ದಾರ ಬಿಗಿಯಾಗಿ ಸುತ್ತಿ, ತುದಿಯನ್ನು ಸುತ್ತಿನ ಅಡಿಗೆ ತೂರಿಸಿಟ್ಟಿದೆ, ವೇಡ್ ಎಲ್ಲ ದಾರವನ್ನೂ ಹೀಗೇ ಸುತ್ತುತ್ತಿದ್ದ, ಇಸ್ತ್ರಿಪೆಟ್ಟಿಗೆಯ ವೈರು, ನನ್ನ ಸ್ವೆಟರಿನ ಲಾಡಿ, ಸುತ್ತಿ ತುದಿ ತೂರಿಸಿ ಒಂದು ಸಲ ತಟ್ಟುತ್ತಿದ್ದ — ಸೀಟಿಯ ಮೈಮೇಲೆ ಮೊಳೆಯಿಂದ ಗೀಚಿದ ಒಂದು ಅಕ್ಷರ, ವೇಡ್‌ನ ಜೊತೆ ಕೆಲಸ ಮಾಡುವ ಹಾರ್ಲನ್‌ನದು. ಸತ್ತ ದಿನ ಬೆಳಿಗ್ಗೆ ವೇಡ್ ಅಂಗಡಿಯಿಂದ ಫೋನು ಮಾಡಿದ್ದ, ನನ್ ಸೀಟಿ ಎಲ್ಲೋ ಬಿದ್ದೋಗಿದೆ ಪ್ರೊಫೆಸರಮ್ಮ, ಹಾರ್ಲನ್‌ದು ಇಸ್ಕೊಂಡಿದೀನಿ, ಸೋಫಾ ಕೆಳಗೊಂದ್ಸಲ ನೋಡು ಅಂದ, ಆಯಿತು ಅಂದೆ, ನೋಡಲಿಲ್ಲ, ಇನ್ನೂ ನೋಡಿಲ್ಲ.

ಪೊಲೀಸರ ಕಾಗದದಲ್ಲಿ ಒಂದು ಸಾಲು, ಬಾಯಿಪಾಠವಾಗಿದೆ, ಮುಂದಾಳು ಗೈಡ್ ಎರಡು ಸೀಟಿ ಸ್ಪಷ್ಟವಾಗಿ ಕೇಳಿದ ನಂತರವೇ ಕೈ ಇಳಿಸಿದ್ದಾಗಿ ತಿಳಿಸಿರುತ್ತಾರೆ — ಮುಂದಾಳು ಎಂದರೆ ಹಾರ್ಲನ್, ಕೊನೆಯಾಳು ವೇಡ್, ಪ್ರವಾಸಿಗರನ್ನು ಸೆಗ್ವೇ ಗಾಡಿಗಳ ಮೇಲೆ ಊರು ಸುತ್ತಿಸುವ ಅವರ ಕೆಲಸ ನನಗೆ ಗೊತ್ತು, ಸಿಗ್ನಲ್ ಇಲ್ಲದ ಕಡೆ ಮುಂದಾಳು ರಸ್ತೆಯ ನಡುವೆ ಹೋಗಿ ಕಾರುಗಳಿಗೆ ಎದುರಾಗಿ ಕೈ ಎತ್ತಿ ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ಪ್ರವಾಸಿಗರ ಸಾಲು ಒಂದೊಂದೇ ಗಾಡಿಯಾಗಿ ದಾಟುತ್ತದೆ, ಕಟ್ಟಕಡೆಗೆ ಕೊನೆಯಾಳು, ಅವನು ಆಚೆ ಅಂಚು ಮುಟ್ಟಿ ಎರಡು ಸಲ ಊದಿದರೆ ರಸ್ತೆ ಖಾಲಿ ಎಂದು ಅರ್ಥ, ಆಗ ಕೈ ಇಳಿಯಬೇಕು, ಕೈ ಎತ್ತಿದವನು ಹಿಂದೆ ತಿರುಗಬಾರದು, ಅವನ ಕಣ್ಣು ಕಾರುಗಳ ಮೇಲೆ, ಬೆನ್ನ ಹಿಂದಿನದು ಅವನಿಗೆ ಕಿವಿಯಿಂದಲೇ ಗೊತ್ತಾಗಬೇಕು — ಕೈ ಇಳಿಯಿತು, ವೇಡ್ ಇನ್ನೂ ರಸ್ತೆಯಲ್ಲಿದ್ದ, ಒಂದು ಪಿಕಪ್ ಹೊರಟಿತು. ವೇಡ್‌ನ ಮುಂದೆ ಇದ್ದ ಹೆಂಗಸಿಗೆ ಏನೂ ನೆನಪಿಲ್ಲವಂತೆ, ಉಳಿದದ್ದು ಹಾರ್ಲನ್‌ನ ಮಾತು ಒಂದೇ, ಅದರ ಪ್ರಕಾರ ದಾಟುವ ಮೊದಲೇ ಊದಿದವನು ವೇಡ್, ತನ್ನ ಸಾವಿಗೆ ತಾನೇ ಅಪ್ಪಣೆ ಕೊಟ್ಟವನು. ಅತ್ತೆ ವರ್ನಾ ಅದನ್ನು ನಂಬಿಬಿಟ್ಟಿದ್ದಾಳೆ, ಸಮಾಧಿಯ ಹತ್ತಿರ ನನ್ನ ತೋಳು ಹಿಡಿದುಕೊಂಡು, ಹುಟ್ಟಿದಾಗ್ಲಿಂದ ಆತುರ ಕಣೇ ಅವನಿಗೆ, ತುತ್ತು ಬಾಯಲ್ಲಿದ್ದಾಗ್ಲೇ ಓಡೋನು, ನಾನು ಎರಡೇಟು ಕೊಟ್ಟು ಕೂರಿಸಬೇಕಿತ್ತು, ಕೂರಿಸ್ಲಿಲ್ಲ ಅಂದಳು, ಅಳಲಿಲ್ಲ, ಲೆಕ್ಕದಲ್ಲಿ ಮಾಡಿದ ತಪ್ಪು ಕಂಡವಳ ಹಾಗೆ ಅಂದಳು, ಎಪ್ಪತ್ತು ವರ್ಷದವಳು, ಉಳಿದಷ್ಟು ವರ್ಷವೂ ಕೊಡದ ಆ ಎರಡು ಏಟನ್ನು ತನಗೇ ಕೊಟ್ಟುಕೊಳ್ಳುತ್ತಾಳೆ. ಎರಡು ಕೈಯಲ್ಲೂ ಹಿಡಿಕೆ ಹಿಡಿದು ರಸ್ತೆ ದಾಟುವವನು ಸೀಟಿ ಊದಿ, ದಾರ ಸುತ್ತಿ, ತುದಿ ತೂರಿಸಿ, ಜೇಬಿಗೆ ಹಾಕಿ, ಜಿಪ್ಪು ಎಳೆಯುವುದಿಲ್ಲ. ಅಂಗಡಿಯ ಯೊಲಾಂಡಾಗೆ ಫೋನು ಮಾಡಿದೆ, ಒಂಬತ್ತೂವರೆಯ ಸುತ್ತಿನಲ್ಲಿ ಒಂದು ಜಾಗ ಬೇಕು ಅಂದೆ.

ಅಂಗಡಿಯ ಬಾಗಿಲಲ್ಲೇ ಯೊಲಾಂಡಾ ನನ್ನನ್ನು ಅಪ್ಪಿಕೊಂಡಳು, ಅಂಗಡಿ ಅವಳದು, ಗಾಡಿಗಳು ಅವಳವು, ಮಗಳೇ ಯಾಕ್ ಬಂದೆ, ಇನ್ನೊಂದಿನ ಬರಬಹುದಿತ್ತಲ್ಲ ಅಂದಳು, ಅವಳ ಕೂದಲಿಗೆ ರಬ್ಬರಿನ ವಾಸನೆ, ಸೆಗ್ವೇಗಳು ಸಾಲಾಗಿ ಗೋಡೆಗೆ ಹಣೆ ಒತ್ತಿ ನಿಂತಿವೆ, ಎರಡು ಪಕ್ಕ ಎರಡು ಗಾಲಿ, ನಡುವೆ ಕಾಲಿಡುವ ಹಲಗೆ, ಎದೆಯ ಮಟ್ಟಕ್ಕೆ ಹಿಡಿಕೆ, ವೇಡ್‌ನ ಒಂಬತ್ತನೆಯ ಗಾಡಿಯ ಜಾಗ ಖಾಲಿ — ಅವನ ಕೆಲಸಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ, ತಾನೇ ಕೊನೆಯಲ್ಲಿ ಬರುತ್ತೇನೆ ಎಂದು ಹೆಲ್ಮೆಟ್ ಎತ್ತಿಕೊಂಡಳು, ನಾನು ಬರ್ತೀನಿ ಕೊನೆಗೆ, ನಂಗೆ ಓಡ್ಸೋಕೆ ಬರುತ್ತೆ ಅಂದೆ, ಅವಳು ಹಾರ್ಲನ್ ಕಡೆ ನೋಡಿದಳು, ಅವನು ಪಂಪಿನಿಂದ ಗಾಳಿ ಹೊಡೆಯುತ್ತಲೇ ಇದ್ದ, ತುಂಬಿದ ಚಕ್ರಕ್ಕೆ. ಸೀಟಿ ಇದೆಯಾ ನಿನ್ನತ್ರ ಎಂದು ಯೊಲಾಂಡಾ ಕೇಳಿದಳು. ಇದೆ ಅಂದೆ. ಪಂಪು ನಿಂತಿತು. ಮತ್ತೆ ಶುರುವಾಯಿತು.

ಪ್ರವಾಸಿಗರು ನಾಲ್ವರು, ಯಾವುದೋ ಸಮ್ಮೇಳನಕ್ಕೆ ಬಂದ ಇಬ್ಬರು ನರ್ಸುಗಳು, ಒಕ್ಲಹೋಮಾದ ನೆಡ್ರಾ ಮತ್ತು ಅವಳ ಗಂಡ ಗಾರ್ಲಂಡ್, ಹಾರ್ಲನ್ ಒಬ್ಬೊಬ್ಬರ ಎದುರೂ ನಿಂತು ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ಹತ್ತಿಸುತ್ತಾನೆ, ಕಾಲು ನೋಡ್ಬೇಡಿ, ನನ್ ಮುಖ ನೋಡಿ, ನೀವು ಎತ್ತ ನೋಡ್ತೀರೋ ಗಾಡಿ ಅತ್ತ ಹೋಗುತ್ತೆ, ನೆಡ್ರಾ ಅಂದಳು ಹಂಗಾದ್ರೆ ಇವ್ರ ಗಾಡಿ ಆ ನರ್ಸಮ್ಮನೋರ ಹಿಂದೇನೇ ಹೋಗೋದು, ಎಲ್ಲರೂ ನಕ್ಕರು, ಗಾರ್ಲಂಡ್ ಗಾಡಿ ಸಮೇತ ಗಿರ್ರೆಂದು ಒಂದು ಸುತ್ತು ಸುತ್ತಿ, ನಲ್ವತ್ ವರ್ಷದಿಂದ ನಿನ್ನನ್ನೇ ನೋಡ್ಕಂಡ್ ಬಂದಿದೀನಲ್ಲೇ, ಎಲ್ಲಿಗ್ ಬಂದು ನಿಂತೆ ನೋಡು ಅಂದ — ವೇಡ್ ನನ್ನನ್ನು ಹತ್ತಿಸಿದ್ದೂ ಇದೇ ಕಲ್ಲುಹಾಸಿನ ಮೇಲೆ, ನಾನು ಭೌತಶಾಸ್ತ್ರ ಓದಿದವಳು, ಗಾಡಿ ಬೀಳುತ್ತಲೇ ಇರುತ್ತದೆ, ಬೀಳುವ ಕಡೆಗೇ ಚಕ್ರವನ್ನು ಓಡಿಸಿ ಬೀಳದ ಹಾಗೆ ನೋಡಿಕೊಳ್ಳುತ್ತದೆ, ಅದೇ ಅದರ ನಡಿಗೆ ಎಂದು ವಿವರಿಸಿದೆ, ಅವನು ಕೈ ಬಿಟ್ಟ, ನಾನು ಹಿಂದೆ ಮುಂದೆ ಹಿಂದೆ ಮುಂದೆ ತೊಟ್ಟಿಲಾದೆ, ಓಡೋದು ಯಾರಿಗಾದ್ರೂ ಬರುತ್ತೆ ಪ್ರೊಫೆಸರಮ್ಮ, ನಿಲ್ಲೋದ್ ಕಲಿ, ಇದ್ರ ಮೇಲೆ ನಿಲ್ಲೋದೇ ಕಷ್ಟ — ಈಗ ನನ್ನ ಎದುರು ಹಾರ್ಲನ್, ನನ್ನ ಹಿಡಿಕೆಗೂ ಕೈ ಹಾಕಿದ್ದಾನೆ, ಬೇಕಿಲ್ಲ, ಆದರೂ ಹಾಕಿದ್ದಾನೆ, ಬಲಗೈ, ಉಗುರಿನ ಸುತ್ತ ಕಚ್ಚಿಕೊಂಡ ಗಾಯ, ಈ ಕೈಯೇ, ಇದನ್ನೇ ಎತ್ತಿದ್ದ, ಇದನ್ನೇ ಇಳಿಸಿದ, ಇಳಿಸಿದನೋ ಅದು ತಾನಾಗಿ ಬಿತ್ತೋ — ಇವತ್ತೇ ಬರ್ಬೇಕಿತ್ತಾ ಕೊರಿನ್ ಎಂದು ಮೆಲ್ಲಗೆ ಕೇಳಿದ. ನಾನು ಅವನ ಮುಖ ನೋಡಿದೆ, ಕಾಲು ನೋಡಬಾರದಲ್ಲ.

ಹೊರಟೆವು, ಆರು ಗಾಡಿ, ಹಾರ್ಲನ್ ಮುಂದೆ, ನಾನು ಕೊನೆಗೆ, ಎಲ್ಲರ ಬೆನ್ನೂ ಕಾಣುವ ಜಾಗ, ವೇಡ್ ಮೂರು ವರ್ಷ ದಿನಾ ನೋಡಿದ್ದು ಇದನ್ನೇ ಇರಬೇಕು, ಬೆನ್ನುಗಳು, ಬೆವರು ಹರಡುತ್ತಿರುವ ಅಂಗಿಗಳು, ಓಕ್ ಮರಗಳ ಬೇರು ಫುಟ್‌ಪಾತನ್ನು ಅಡಿಯಿಂದ ಎತ್ತಿ ಸೀಳಿವೆ, ಚಪ್ಪಡಿಗಳು ಹಲ್ಲು ಕಿಸಿದಿವೆ, ಕರಿ ಹಕ್ಕಿಗಳು ಬಾಯಿ ತೆರೆದು ನೆರಳಲ್ಲಿ ಕೂತಿವೆ, ಕೂಗುತ್ತಿಲ್ಲ, ಬೆಳಗಿನ ಒಂಬತ್ತೂಮುಕ್ಕಾಲಿಗೇ ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿದೆ — ಕೊಳದ ಪಕ್ಕ ನಿಲ್ಲಿಸಿ ಹಾರ್ಲನ್ ತೋಳು ಚಾಚಿದ, ಗೈಡುಗಳ ಹಳದಿ ಅಂಗಿಯ ತೋಳು, ಅಕೋ ಮರಗಳ ಆಚೆ ಮೂಳೆಗಳ ಮ್ಯೂಸಿಯಂ, ಅದರಾಚೆ ಚಿತ್ರಗಳದ್ದು, ರಸ್ತೆ ದಾಟಿದ್ರೆ ಎಲ್ಲಾ ಅಲ್ಲೇ, ಒಳಗಿರೋರೆಲ್ಲಾ ಟಿಕೆಟ್ ತಗೊಂಡೇ ಹೋದೋರು, ಒಬ್ಬ ಡೈನೋಸಾರ್ ಮಾತ್ರ ಪುಕ್ಕಟೆ ನುಗ್ಗಿದ — ಅಲ್ಲಿಗೆ ನಿಲ್ಲಿಸಿದ. ಅದು ವೇಡ್‌ನ ಮಾತು, ನಮ್ಮ ಅಡುಗೆಮನೆಯಲ್ಲಿ ನನ್ನ ಮುಂದೆ ಕಟ್ಟಿದ್ದು, ಪುಕ್ಕಟೆ ನುಗ್ಗಿದ, ಹೊರಗ್ ಬರೋಕ್ ದಾರಿ ಕಾಣ್ದೆ ಅಲ್ಲೇ ಒಣಗ್ದ, ಇದಕ್ಕೆ ಯಾರೂ ನಗಲ್ಲ ಅಂದಿದ್ದೆ, ದಿನಾ ನಗುತ್ತಾರೆ ಎಂದು ಪಂಥ ಕಟ್ಟಿದ್ದ, ನೆಡ್ರಾ ಕಾಯುತ್ತಿದ್ದಾಳೆ, ಆಮೇಲ್ ಏನಾಯ್ತಪ್ಪಾ ಅವ್ನಿಗೆ ಅಂದಳು, ಹಾರ್ಲನ್ ತೋಳು ಗಾಳಿಯಲ್ಲೇ ಉಳಿದಿದೆ, ಏನಿಲ್ಲಮ್ಮಾ, ಹೋಗೋಣ ಅಂದ, ಇಳಿಸಿದ, ಮೆಲ್ಲಗೆ, ಯಾವುದೋ ಒಡೆಯುವ ವಸ್ತುವನ್ನು ಕೆಳಗಿಡುವ ಹಾಗೆ, ಇದು ಇಳಿಸುವುದು, ಅವತ್ತು ಹೀಗೆ ಇಳಿಸಿದ್ದರೆ ಹಿಂದೆ ಒಂದು ಸಲ ನೋಡುವಷ್ಟು ಹೊತ್ತು ಸಿಗುತ್ತಿತ್ತು.

ಬೇರೆ ದಾರಿ ಇಲ್ಲ, ಪಾರ್ಕು ಮುಗಿದ ಕಡೆ ರಸ್ತೆ, ರಸ್ತೆಯಾಚೆ ಮ್ಯೂಸಿಯಮ್ಮುಗಳು, ಸುತ್ತಿನ ಮೊದಲ ದಾಟು ಇದೇ, ವೇಡ್ ಬಿದ್ದದ್ದೂ ಇಲ್ಲೇ, ಅದಕ್ಕೇ ಅವತ್ತು ಸೀಟಿ ಇನ್ನೂ ಜೇಬಿನಲ್ಲಿತ್ತು, ಆಚೆ ಮುಟ್ಟಿದ ಮೇಲೆ ತೆಗೆಯುತ್ತಿದ್ದ, ತುದಿ ಎಳೆದರೆ ದಾರ ಒಂದೇ ಸಲಕ್ಕೆ ಬಿಚ್ಚುತ್ತದೆ, ಹಾಗೆ ಸುತ್ತುವುದೇ ಅದಕ್ಕೆ — ಟಾರಿನ ಮೇಲೆ ಏನೂ ಇಲ್ಲ, ಒಂದು ಕಲೆ ಇರಬಹುದೆಂದುಕೊಂಡಿದ್ದೆ, ಎಣ್ಣೆಯ ಕಲೆಗಳಿವೆ, ಯಾವುದೂ ಅಲ್ಲ, ಹಾರ್ಲನ್ ರಸ್ತೆಯ ನಡುವಿಗೆ ಹೋದ, ಕಾರುಗಳಿಗೆ ಎದುರಾಗಿ ತಿರುಗಿದ, ಕೈ ಎತ್ತಿದ. ಬೆರಳುಗಳು ಅಗಲವಾಗಿವೆ. ಒಂದು ಬಿಳಿ ಕಾರು ನಿಂತಿತು, ಅದರ ಹಿಂದೆ ಪಿಕಪ್, ಅದರ ಹಿಂದೆ ಇನ್ನಷ್ಟು, ನರ್ಸುಗಳು ದಾಟಿದರು, ಗಾರ್ಲಂಡ್ ದಾಟಿದ, ನೆಡ್ರಾ ಯೇಸುವೇ ಯೇಸುವೇ ಎನ್ನುತ್ತ ದಾಟಿದಳು, ನಾನು ಹೊರಟೆ, ಮುಂದಕ್ಕೆ ಬಾಗಿದೆ, ನಡು ರಸ್ತೆಯಲ್ಲಿ, ಅವನ ಬೆನ್ನ ಹಿಂದೆ, ನೆಟ್ಟಗಾದೆ, ಗಾಡಿ ನಿಂತಿತು, ನಾನು ನಿಂತೆ, ಒಂದಿಂಚೂ ಅಲುಗದೆ, ನೋಡು ವೇಡ್, ನಿಲ್ಲೋದು ಬಂತು. ಹಳದಿ ಬೆನ್ನು ನನ್ನ ಮುಂದೆ, ಅದರ ಮೇಲೆ ಕೈ, ಅವನು ಎರಡು ಸೀಟಿಗೆ ಕಾಯುತ್ತಿದ್ದಾನೆ, ನನ್ನ ಅಂಗೈಯಲ್ಲಿ ಸೀಟಿ, ದಾರ ಸುತ್ತಿದ ಹಾಗೇ ಇದೆ, ಊದುವುದಿಲ್ಲ — ಆಚೆ ಅಂಚಿನಲ್ಲಿ ನಾಲ್ವರೂ ನಿಲ್ಲಲಾಗದೆ ತೂಗುತ್ತಿದ್ದಾರೆ, ಹಿಂದೆ ಮುಂದೆ, ಗಾರ್ಲಂಡನ ಗಾಡಿ ಹೂವಿನ ಗಿಡಗಳ ಕಡೆಗೆ ಹೊರಟಿದೆ, ನೆಡ್ರಾ ಕೂಗುತ್ತಿದ್ದಾಳೆ, ರೀ ಅಪ್ಪಾ ಗೈಡಪ್ಪಾ, ಬಾಪ್ಪಾ ಇಲ್ಲಿ, ಇವ್ರು ಬೀಳ್ತಾರೆ — ಹಾರ್ಲನ್‌ನ ಕುತ್ತಿಗೆ ಆ ಕಡೆ ತುಡಿಯಿತು, ಈಗ ಕಂಡೆ, ಅವತ್ತೂ ಹೀಗೇ ಯಾರೋ ಕೂಗಿರಬೇಕು, ನಿಲ್ಲಲು ಬಾರದವರು, ಕೂಗಿದ ಕಡೆಗೆ ಮೈ ಹೊರಟಿತು, ಮೈ ಹೊರಟರೆ ಗಾಡಿ ಹೊರಡುತ್ತದೆ, ಗಾಡಿ ಹೊರಟರೆ ಹಿಡಿಕೆಗೆ ಕೈ ಬೇಕು, ಅಷ್ಟೇ, ಕೊಲೆಯಲ್ಲ, ಸುಳ್ಳು ಆಮೇಲಿನದು — ಹಾರ್ನು, ಇನ್ನೊಂದು ಹಾರ್ನು, ಪಿಕಪ್ಪಿನವನು ತಲೆ ಹೊರಗೆ ಹಾಕಿ, ಏನ್ ಸಾರ್, ಬೊಂಬೆಗಳನ್ನ ಮ್ಯೂಸಿಯಂ ಒಳಗೆ ಇಡ್ರಿ, ರೋಡಲ್ಲಿ ಯಾಕೆ ಇಟ್ಟಿದೀರ ಅಂದ, ಎತ್ತಿದ ಕೈಯಿಂದ ಬೆವರಿನ ಒಂದು ಗೆರೆ ತೋಳಿನೊಳಗೆ ಇಳಿಯುತ್ತಿದೆ, ಇಳಿಸು ನೋಡೋಣ, ಹಿಂದೆ ನಾನಿದ್ದೇನೆ, ಊದಿಲ್ಲ, ಇಳಿಸು — ಇಳಿಸಲಿಲ್ಲ, ತಿರುಗಿದ. ತಿರುಗಬಾರದವನು ತಿರುಗಿದ, ಕೈ ಕಾರುಗಳ ಕಡೆ, ಮುಖ ನನ್ನ ಕಡೆ, ನಾನು ಒಂದು ಮೊಳ ಮುಂದೆ ಬಂದು ಅಂಗೈ ಬಿಡಿಸಿದೆ.

ನಿಂದು ಅಂದೆ. ವೇಡ್ ಇಸ್ಕೊಂಡಿದ್ದ. ಜಿಪ್ ಹಾಕಿದ ಜೇಬಲ್ಲಿತ್ತು, ಹೀಗೇ.

ಅವನು ದಾರ ನೋಡಿದ, ಸುತ್ತುಗಳನ್ನು, ಒಳಗೆ ತೂರಿದ ತುದಿಯನ್ನು, ಮೂರು ವರ್ಷ ಜೊತೆಗೆ ದುಡಿದವನು, ವೇಡ್ ದಾರ ಸುತ್ತುವ ರೀತಿ ಅವನಿಗೆ ಗೊತ್ತು, ಬಾಯಿ ಎರಡು ಸಲ ತೆರೆಯಿತು, ಹಾರ್ನುಗಳ ನಡುವೆ ಮಾತು ಕೇಳಿಸಲಿಲ್ಲ, ತುಟಿಯಲ್ಲಿ ಓದಿದೆ, ಆಮೇಲೆ ಕೇಳಿಸಿತು, ಕೇಳಿಸ್ಲಿಲ್ಲ ಕೊರಿನ್, ಅವತ್ತು ಏನೂ ಕೇಳಿಸ್ಲಿಲ್ಲ ನಂಗೆ.

ವರ್ನಾಗೆ ಹೇಳ್ತೀಯಾ ಅಂದೆ. ನೀನೇ ಹೋಗಿ. ಇವತ್ತೇ.

ತಲೆ ಆಡಿಸಿದ, ಹೂಂ ಎಂದೋ ಇಲ್ಲ ಎಂದೋ, ಎಡಗೈಯನ್ನು ಹಿಡಿಕೆಯಿಂದ ತೆಗೆದು ಚಾಚಿದ, ಸೀಟಿ ಇಟ್ಟೆ, ಬೆರಳು ಮುಚ್ಚಿದವು, ಈಗ ಅವನ ಎರಡು ಕೈಯೂ ಹಿಡಿಕೆಯ ಮೇಲಿಲ್ಲ, ಗಾಡಿ ಅವನ ಕಾಲಡಿಯಲ್ಲಿ ಸಣ್ಣಗೆ ನಡುಗುತ್ತಿದೆ, ಪಿಕಪ್ಪಿನ ಎಂಜಿನ್ ಏರುತ್ತಿದೆ, ಅಂಚು ಹತ್ತು ಹೆಜ್ಜೆ ದೂರ, ನಾನು ಹೊರಡಬೇಕು, ಮುಂದಕ್ಕೆ ಬಾಗಬೇಕು ಅಷ್ಟೇ, ಬಾಗುತ್ತಿಲ್ಲ, ಮೈ ನಿಂತೇ ಇದೆ, ಊದಿ ಹೇಳುವವರು ಯಾರೂ ಇಲ್ಲ ಹಿಂದೆ, ಅವನ ಕಣ್ಣು ನನ್ನ ಮೇಲಿದೆ, ಕಾರುಗಳ ಮೇಲಿಲ್ಲ, ನಾನು ಅವನ ಮುಖ ನೋಡುತ್ತಿಲ್ಲ, ಮೇಲೆ, ಬಿಸಿಲಿನಲ್ಲಿ, ಹಳದಿ ತೋಳು, ಐದು ಬೆರಳು ಅಗಲವಾಗಿ, ಕೈ ಮೇಲಿದೆ, ಕೈ ಮೇಲಿದೆ, ಕೈ