ರಾಣಿಯ ಕೊಳ

ಕೆರೆಯ ತಳದಲ್ಲಿ ರಾಣಿಯ ಅರಮನೆಯಿದೆ ಎಂಬುದು ದೋಣಿಯವನು ಇಪ್ಪತ್ತು ವರ್ಷದ ಹಿಂದೆ ಹೊಟ್ಟೆಪಾಡಿಗೆ ಹಾರಿಸಿದ ಕಾಗೆ. ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನಿಜಕ್ಕೂ ಮುಳುಗಿದ್ದು ಅವನ ಊರು. ಆದರೆ ಬಡವರ ಅಡುಗೆಮನೆ ನೋಡಲು ಟಿಕೆಟ್ ಕೊಂಡು ಯಾರು ಬರುತ್ತಾರೆ? ರಾಣಿಗಾದರೆ ಬಂದರು. ಕತೆಗೆ ಕೈಕಾಲು ಬಂದು, ಪ್ರವಾಸೋದ್ಯಮ ಇಲಾಖೆಯವರೇ ದಡದಲ್ಲಿ ಅವಳ ಚರಿತ್ರೆಯ ಫಲಕ ನೆಟ್ಟರು. ಫಲಕದಲ್ಲಿದ್ದದ್ದನ್ನು ಬಿಟ್ಟು ಬೇರೆ ಹೇಳಿದವನಿಗೆ ದೋಣಿಯಿಲ್ಲ ಎಂದರು.

ಒಂದು ದಿನ ಅವನ ಅಕ್ಕ ಬಂದಳು, ಮದುವೆಯಾಗಿ ಹೋದ ಮೇಲೆ ಮೊದಲ ಸಲ. ಮುಳುಗಿದ ಮನೆಯ ಜಾಗ ಒಮ್ಮೆ ನೋಡಬೇಕೆಂದು, ಪ್ರವಾಸಿಗರ ಜೊತೆ ದೋಣಿ ಹತ್ತಿದಳು. ಇಲಾಖೆಯ ಮೇಲ್ವಿಚಾರಕನೂ ಹತ್ತಿದ. ನಡುನೀರಿನಲ್ಲಿ ದೋಣಿಯವನು ಹುಟ್ಟು ನಿಲ್ಲಿಸಿದ.

"ಇಲ್ಲೇ ಅಲ್ವೇನೋ ನಮ್ಮನೆ? ಅವ್ವ ಸತ್ತಿದ್ದೂ ಇಲ್ಲೇ," ಎಂದಳು ಅಕ್ಕ.

"ಅಯ್ಯೋ ಅಜ್ಜಿ, ಇದು ರಾಣಿ ಸ್ನಾನ ಮಾಡ್ತಿದ್ದ ಕೊಳ. ಬೋರ್ಡ್ ಓದ್ಲಿಲ್ವಾ?" ಎಂದ ಕನ್ನಡಕದ ಪ್ರವಾಸಿ.

"ನೀನೇ ಹೇಳೋ ತಮ್ಮಾ."

ಮೇಲ್ವಿಚಾರಕ ತಲೆಯೆತ್ತಿ ನೋಡಿದ. ದೋಣಿಯವನು ಮತ್ತೆ ಹುಟ್ಟು ಹಾಕಿದ. "ಅಕ್ಕಂಗೆ ವಯಸ್ಸಾಯ್ತು ಸಾರ್, ಏನೇನೋ ಹೇಳ್ತಾಳೆ."

ಪ್ರವಾಸಿಗರು ಒಳ್ಳೆಯವರು. ದಡ ಬರುವವರೆಗೂ ಒಬ್ಬರಾದ ಮೇಲೊಬ್ಬರು ಅವಳಿಗೆ ರಾಣಿಯ ಕತೆಯನ್ನು ಬಿಡಿಸಿ ಬಿಡಿಸಿ ಹೇಳಿದರು. ಅಕ್ಕ ಎಲ್ಲರಿಗೂ "ಹೂಂ" ಎಂದಳು. ತಮ್ಮನ ಕಡೆ ಮಾತ್ರ ತಿರುಗಲಿಲ್ಲ.