ನಾಲ್ಕಕ್ಕೂ ಐದಕ್ಕೂ ನಡುವೆ

"ಇದು ನಮ್ಮ ದಾರಿ ಅಲ್ಲ ಕಣವ್ವ," ಎಂದು ಜವರಪ್ಪ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ.

ವನಗೂರಿನ ಆಚೆಯ ಆ ಎಸ್ಟೇಟಿನಲ್ಲಿ ಅವನು ಮೂರು ವರ್ಷದಿಂದ ಆನೆ ಕಾವಲುಗಾರ. ಕೂಲಿಗಳ ಲೈನ್ ಮನೆಗಳಿಂದ ಏಲಕ್ಕಿ ಕಣಿವೆಗೆ ಹೋಗುವ ಕಾಲುದಾರಿಯಲ್ಲಿ ಏಳು ಗೂಟ ನೆಟ್ಟು, ಪ್ರತಿ ಗೂಟದ ಬಳಿ ಬೆಳಿಗ್ಗೆ ಕಂಡ ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳನ್ನು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಕಚೇರಿಯ ತನುಜಾ ಅದನ್ನು ಬಣ್ಣದ ಚೌಕಗಳ ಚಿತ್ರವಾಗಿಸಿದ್ದಳು. ಅಡ್ಡಕ್ಕೆ ಗೂಟಗಳು, ಉದ್ದಕ್ಕೆ ತಿಂಗಳುಗಳು. ಆನೆಯ ಗುರುತು ಹೆಚ್ಚಿದ್ದಷ್ಟೂ ಕೆಂಪು, ಇಲ್ಲದಲ್ಲಿ ತಿಳಿಹಳದಿ. ಅರಣ್ಯ ಇಲಾಖೆ ಈ ದಾರಿಗೆ, ಆನೆ ಹತ್ತಿರವಿದ್ದರೆ ಉರಿಯುವ ಒಂದೇ ಒಂದು ಎಚ್ಚರಿಕೆ ದೀಪ ಮಂಜೂರು ಮಾಡಿತ್ತು. ಅದು ಎಲ್ಲಿ ನಿಲ್ಲಬೇಕೆಂಬುದು ಅಂದು ಮಧ್ಯಾಹ್ನದ ಸಭೆಯಲ್ಲಿ ಈ ಚಿತ್ರ ನೋಡಿ ತೀರ್ಮಾನವಾಗಲಿತ್ತು.

"ಯಾಕಣ್ಣ, ಎಲ್ಲಾ ನಿಮ್ಮ ಪುಸ್ತಕದಲ್ಲಿ ಇರೋದೇ ತಾನೆ?"

"ಗೂಟ ಎಲ್ಲಾ ಒಂದೇ ಅಳತೇಲಿಲ್ಲ. ಒಂದರ ಹತ್ರ ಕೆಮ್ಮಿದ್ರೆ ಎರಡಕ್ಕೆ ಕೇಳ್ತದೆ. ನಾಲ್ಕರಿಂದ ಐದಕ್ಕೆ ಒಂದು ಕಿಲೋಮೀಟರ್ ಐತೆ. ಇಷ್ಟು ಹತ್ರ ಇದ್ದಿದ್ರೆ ನನ್ನ ಮಂಡಿ ಯಾಕೆ ಸವೀತಿತ್ತು?"

"ನಿಮ್ಮ ಮಂಡಿ ಸವೆದಿರೋದು ಚಾದಂಗಡಿ ಬೆಂಚಲ್ಲಿ," ಎಂದು ತನುಜಾ ನಕ್ಕಳು.

ತಪ್ಪು ಅವಳದೇ. ಗೂಟದ ಸಂಖ್ಯೆಗಳನ್ನಷ್ಟೇ ಕೊಟ್ಟಿದ್ದಳು. ಯಂತ್ರ ಎಲ್ಲಕ್ಕೂ ಸಮಾನ ಅಗಲವನ್ನು ಹಂಚಿತ್ತು. ಈಗ ಒಂದೊಂದರ ದೂರವನ್ನೂ ಅವನಿಂದ ಕೇಳಿ, ಪ್ರತಿ ಬಣ್ಣವೂ ಪಕ್ಕದ ಗೂಟದತ್ತ ಅರ್ಧ ದಾರಿಯವರೆಗೆ ಹಬ್ಬುವಂತೆ ಮತ್ತೆ ಬಿಡಿಸಿದಳು.

ಮೊದಲ ಗೂಟಗಳು ಒತ್ತೊತ್ತಾಗಿ ಸೇರಿಕೊಂಡವು. ಬಲತುದಿಯಲ್ಲಿ ಕಣಿವೆಯ ಕೆಂಪು ಕಿರಿದಾಯಿತು. ನಾಲ್ಕರಿಂದ ಐದರವರೆಗೆ ತಿಳಿಹಳದಿ ಕೊಯ್ಲಾದ ಗದ್ದೆಯಂತೆ ಅಗಲವಾಗಿ ಹರಡಿತು.

"ಈಗ ಸರಿ ಆಯ್ತು ನೋಡಿ. ನಡುವೆ ಇಷ್ಟುದ್ದ ಆನೆ ಭಯಾನೇ ಇಲ್ಲ. ದೀಪ ಕಣಿವೆ ಹತ್ರ ಹಾಕಿಸ್ಲಿ."

ಜವರಪ್ಪ ಆ ಹಳದಿಯ ಹತ್ತಿರಕ್ಕೆ ಬಗ್ಗಿದ.

"ನಾಲ್ಕರಿಂದ ಐದಕ್ಕೆ ನಾನು ನಡೀತಿರಲಿಲ್ಲ."

"ಮತ್ತೆ?"

"ಮೇಲಿನ ರಸ್ತೇಲಿ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಜೀಪ್ ಬರ್ತಿತ್ತು. ಹತ್ಕಂಡು ಹೋಗಿ ಐದರ ಹತ್ರ ಇಳೀತಿದ್ದೆ. ಮೊದಲ್ನೇ ವರ್ಷ ಬಿದಿರು ಮೆಳೆ ಹತ್ರ ಆನೆ ಅಟ್ಟಿಸ್ಕಂಡು ಬಂದ್ಬುಡ್ತು. ಆಮೇಲೆ ಆ ಕಡೆ ಕಾಲೇ ಬರಲಿಲ್ಲ. ಗೂಟದ ಹತ್ರ ಕಂಡಿದ್ದನ್ನ ಸುಳ್ಳಿಲ್ದೆ ಬರ್ದಿವ್ನಿ. ನಡುವೆ ಏನೈತೋ ನಂಗೊತ್ತಿಲ್ಲ."

ತನುಜಾ ಅವನ ಕಡೆಗೆ ತಿರುಗಿದಳು. "ಏಲಕ್ಕಿ ಬಿಡಿಸೋ ಹೆಂಗಸರು ದಿನಾ ಅದೇ ದಾರೀಲಿ ಹೋಗ್ತಾರಲ್ಲಣ್ಣ."

"ಅವರಲ್ಲಿ ನಂಜಮ್ಮ ಹೋದ ವಾರ ಕೇಳಿದ್ಲು, ಮೆಳೆ ಒಳಗೆ ಏನೋ ಸದ್ದಾಯ್ತದಲ್ಲ ಅಂತ. ಏನೂ ಇಲ್ಲ, ಹೋಗವ್ವ ಅಂದೆ."

"ಇದು ಗೊತ್ತಾದ್ರೆ ಸಾಹುಕಾರ್ರು ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ತೆಗೀತಾರೆ." ಅವನು ಪರದೆಯ ಹಳದಿಯತ್ತ ಬೆರಳು ತೋರಿದ. "ಅಲ್ಲಿ ಬಣ್ಣ ಹಾಕಬ್ಯಾಡ ಕಣವ್ವ."

ಅವಳು ಹಳದಿಯನ್ನು ತೆಗೆದಳು. ಮುದ್ರಕದಿಂದ ಹೊರಬಂದ ಹಾಳೆಯ ನಡುವೆ ಅಗಲವಾದ ಬಿಳಿಯ ಪಟ್ಟಿಯಿತ್ತು. ಜವರಪ್ಪ ಪೆನ್ನು ಕೇಳಿ ಪಡೆದು, ಆ ಬಿಳಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದ: 'ಇಲ್ಲಿ ನಾನು ನೋಡಿಲ್ಲ.' ಕೆಳಗೆ ತನ್ನ ಹೆಸರನ್ನೂ ಬರೆದ.

ಅಂಗಳದಲ್ಲಿ ಇಲಾಖೆಯ ಜೀಪಿನ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಶಾಯಿ ಇನ್ನೂ ಹಸಿಯಾಗಿತ್ತು. ಅವನು ಹಾಳೆಯನ್ನು ಮಡಿಸದೆ, ಎರಡೂ ಅಂಗೈಗಳ ಮೇಲೆ ಚಪ್ಪಟೆಯಾಗಿ ಹಿಡಿದು, ಹೊಸಿಲು ದಾಟಿದ.