ಸೀಟು ಮಾರುವವನು

ತಿರುವನಂತಪುರದ ಆಸ್ಪತ್ರೆಗಳಿಗೆ ಯಂತ್ರ ಮಾರುತ್ತಿದ್ದ ಮೇಧಾಗೆ ಡಾಕ್ಟರರ ಬಾಗಿಲಲ್ಲಿ ಹಲ್ಲು ಗಿಂಜಿ ನಿಲ್ಲುವುದು ಹೇಸಿಗೆ ಹುಟ್ಟಿಸಿತ್ತು. ಎಂಬಿಎ ಮಾಡಿ ಆಸ್ಪತ್ರೆಯ ಆಡಳಿತಕ್ಕೆ ಸೇರಬೇಕೆಂದು ಕೊಚ್ಚಿಯ ಬಿಸಿನೆಸ್ ಸ್ಕೂಲೊಂದಕ್ಕೆ ಹೋದಳು.

ಪ್ರವೇಶ ವಿಭಾಗದ ಯಶವಂತ್ ಮೈಸೂರಿನವನು. ಅವಳು ಫೋನಿನಲ್ಲಿ ಅಮ್ಮನೊಡನೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅರಳಿದ.

"ನಮ್ಮ ಕಡೆಯವರು! ಇವತ್ತೇ ಸೇರಿಬಿಡಿ ಮೇಡಂ, ನಾಳೆ ಸೀಟು ಇರಲ್ಲ."

ಇಂಥ ಮಾತನ್ನು ಅವಳೇ ಎಷ್ಟೋ ಸಲ ಆಡಿದ್ದಳು.

"ನೀವೂ ಇಲ್ಲೇ ಓದಿದ್ದಾ?"

"ಹೌದು. ಸೇಲ್ಸ್ ದರಿದ್ರ ಬೇಡ ಅಂತ ಬಂದೆ."

"ಈಗ?"

"ಸೀಟು ತುಂಬಿಸೋ ಟಾರ್ಗೆಟ್ ಕೊಟ್ಟಿದ್ದಾರೆ," ಎಂದು ಅವನು ಪೆಚ್ಚಾಗಿ ನಕ್ಕ.

ಡಾಕ್ಟರರ ಬಾಗಿಲಲ್ಲಿ ತಾನು ನಗುತ್ತಿದ್ದ ನಗುವೇ ಅದು; ಅವಳಿಗೆ ಮೈಯೆಲ್ಲ ಉರಿಯಿತು.

"ಥೂ, ಇದಕ್ಕೂ ಎಂಬಿಎ ಬೇಕಿತ್ತಾ?" ಎಂದು ಎದ್ದು ಹೊರಟಳು.

ಆ ವರ್ಷ ಅವಳು ಬೇರೆ ಕಾಲೇಜು ಸೇರಿದಳು. ಅಲ್ಲಿನ ಸಂದರ್ಶನದಲ್ಲಿ ಒಬ್ಬರೂ ಅವಳಿಗೆ ಸೀಟು ಮಾರಲು ಹಲ್ಲು ಗಿಂಜಲಿಲ್ಲ.